ಮಾಷ್ಟ್ರನ್ನು ಕೇಳದ ಹನ್ನೊಂದನೇ ಪ್ರಶ್ನೆ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷದ ಸೆಪ್ಟೆಂಬರ್ ತಿಂಗಳು. ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಆ ಹೊತ್ತಿಗೆ ಸೂಜಿ ಹಿಡಿದು ಮೂವತ್ತೊಂದು ವರ್ಷ ಕಳೆದಿತ್ತು, ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಬಾಗಿಲಲ್ಲಿ ನಿಂತ ಮನುಷ್ಯನನ್ನು ನೋಡಿದ ಕೂಡಲೇ ಇವನ ರಕ್ತ ಆಗಬಹುದು, ಇವನದ್ದು ಬೇಡ ಎಂದು ಹೇಳಿಬಿಡಬಲ್ಲೆ ಎಂಬ ಜಂಬ ನನಗಿತ್ತು. ಹೊಸದಾಗಿ ಸೇರಿದವರ ಮುಂದೆ ಅದನ್ನೇ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಆರು ವರ್ಷದ ಒಂದು ಹುಡುಗಿಯ ಜೀವ ತೆಗೆಯುವುದರಲ್ಲಿತ್ತು.

ಮೊದಲು ನಮ್ಮ ಕೆಲಸದ ಕ್ರಮವನ್ನು ಹೇಳಬೇಕು. ರಕ್ತ ಕೊಡಲು ಬಂದವರಿಗೆ ನಾವು ಒಂದು ಫಾರ್ಮ್ ಕೊಡುತ್ತೇವೆ. ಅದರಲ್ಲಿ ಮೂವತ್ತರಷ್ಟು ಪ್ರಶ್ನೆಗಳಿರುತ್ತವೆ. ಇತ್ತೀಚೆಗೆ ಜ್ವರ ಬಂದಿತ್ತೇ, ಮಾತ್ರೆ ತಿನ್ನುತ್ತಿದ್ದೀರಾ, ಹಚ್ಚೆ ಹಾಕಿಸಿಕೊಂಡಿದ್ದೀರಾ, ನಿನ್ನೆ ಕುಡಿದಿದ್ದೀರಾ. ಕೆಳಗೆ ಹೋದಂತೆ ತೀರಾ ಖಾಸಗಿ ಪ್ರಶ್ನೆಗಳೂ ಬರುತ್ತವೆ. ಅವರು ಹೌದು ಅಥವಾ ಇಲ್ಲ ಎಂದು ಗುರುತು ಹಾಕಿ ಸಹಿ ಮಾಡಬೇಕು. ನಾವು ಎದುರು ಕೂತು ಒಂದೊಂದನ್ನೂ ಬಾಯಿಬಿಟ್ಟು ಕೇಳಿ ಖಚಿತ ಮಾಡಿಕೊಳ್ಳಬೇಕು. ನಮ್ಮ ಫಾರ್ಮಿನಲ್ಲಿ ಹನ್ನೊಂದನೇ ಪ್ರಶ್ನೆ ಮಲೇರಿಯಾದ್ದು. ಮಲೇರಿಯಾ ಬಂದು ಪೂರ್ತಿ ಗುಣವಾದ ಮೇಲೂ ಮೂರು ತಿಂಗಳು ರಕ್ತ ಕೊಡುವಂತಿಲ್ಲ. ಕೊಟ್ಟ ರಕ್ತವನ್ನು ಆಮೇಲೆ ನಾವು ಪರೀಕ್ಷೆ ಮಾಡುತ್ತೇವೆ, ನಿಜ. ಆದರೆ ರೋಗಾಣು ಬೆರಳೆಣಿಕೆಯಷ್ಟೇ ಇದ್ದರೆ ನಾವು ಮಾಡುವ ಕಾರ್ಡ್ ಟೆಸ್ಟ್ ಎಂಬ ದಿಢೀರ್ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಹಾಗಾಗಿ ಆ ಪ್ರಶ್ನೆಯೂ ಒಂದು ಪರೀಕ್ಷೆಯೇ. ಮಂಗಳೂರಿನಲ್ಲಿ ಮಲೇರಿಯಾ ಬಂದದ್ದನ್ನು ಯಾರೂ ಮುಚ್ಚಿಡುವುದಿಲ್ಲ, ಹಾಗೆಯೇ ಕೇಳದೆ ಯಾರೂ ಹೇಳುವುದೂ ಇಲ್ಲ. ಬಂತು, ಮಾತ್ರೆ ತಿಂದೆ, ಹೋಯಿತು, ಅಷ್ಟೇ.

ಆ ಶನಿವಾರ ಬೆಳಿಗ್ಗೆ ವಾಸುದೇವ ಮಾಷ್ಟ್ರು ಬಂದರು. ವಾಮಂಜೂರಿನಲ್ಲಿ ನಾನು ಹೈಸ್ಕೂಲು ಓದುವಾಗ ನನಗೆ ಗಣಿತ ಕಲಿಸಿದವರು. ಅರ್ಚಕರ ಮನೆತನ, ಅಣ್ಣ ದೇವಸ್ಥಾನದ ಪೂಜೆಗೆ ನಿಂತರು, ಇವರು ಶಾಲೆಗೆ ಬಂದರು. ಆಗ ಅವರಿಗೆ ಇಪ್ಪತ್ತನಾಲ್ಕು, ನನಗೆ ಹದಿನೈದು. ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ. ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಿದ್ದರು, ಅಷ್ಟಕ್ಕೇ ನಮಗೆ ಬೆವರು ಬರುತ್ತಿತ್ತು. ಅಂದು ಅವರದ್ದು ಐವತ್ತನೇ ರಕ್ತದಾನ. ಅರವತ್ತೈದು ತುಂಬಿದವರಿಂದ ನಾವು ರಕ್ತ ತೆಗೆದುಕೊಳ್ಳುವುದಿಲ್ಲ, ಅವರಿಗೆ ಅದು ತುಂಬಲು ಇನ್ನು ಎರಡೇ ತಿಂಗಳಿತ್ತು. ಐವತ್ತನ್ನು ಮುಟ್ಟಿಸಿಯೇ ಬಿಡಬೇಕೆಂದು ರಕ್ತದಾನಿಗಳ ಸಂಘದವರು ಶಾಲು, ಹಣ್ಣಿನ ಬುಟ್ಟಿ, ಫೋಟೋಗ್ರಾಫರ್ ಸಮೇತ ಬಂದು ನಿಂತಿದ್ದರು.

ಫಾರ್ಮ್ ಹಿಡಿದು ಮಾಷ್ಟ್ರ ಎದುರು ಕೂತೆ. ಪತ್ನಿಯನ್ನು ಬಿಟ್ಟು ಬೇರೆ ಯಾರ ಜೊತೆಗಾದರೂ ಸಂಬಂಧ ಉಂಟಾ ಎಂದು ವಾಸುದೇವ ಮಾಷ್ಟ್ರನ್ನು ನಾನು ಕೇಳುವುದೇ? ನನ್ನ ನಾಲಿಗೆ ಹೊರಳಲೇ ಇಲ್ಲ. ನೀವು ಸಹಿ ಹಾಕಿ ಮಾಷ್ಟ್ರೇ, ಉಳಿದದ್ದು ನಾನು ತುಂಬಿಸ್ತೇನೆ ಎಂದೆ. ಅವರು ಸಹಿ ಹಾಕಿದರು. ನಾನು ಪೆನ್ನು ತೆಗೆದುಕೊಂಡು 'ಇಲ್ಲ' ಎಂಬ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಸರಸರನೆ ಗುರುತು ಹಾಕಿದೆ. ನಾಲ್ಕು ಪ್ರಶ್ನೆ ಕೇಳಲು ನಾಚಿಕೆಯಾಯಿತೆಂದು ಮೂವತ್ತನ್ನೂ ನುಂಗಿದೆ. ಬಿಪಿ ನೋಡಿದೆ, ಹಿಮೋಗ್ಲೋಬಿನ್ ನೋಡಿದೆ, ಎರಡೂ ಚೆನ್ನಾಗಿತ್ತು. ಫೋಟೋ ತೆಗೆಯುವಾಗ ನಾನೂ ಪಕ್ಕದಲ್ಲಿ ನಿಂತು ನಕ್ಕೆ.

ಅದೇ ಹೊತ್ತಿಗೆ ಬೆಂಚಿನಲ್ಲಿ ಇನ್ನೊಬ್ಬ ಕೂತಿದ್ದ. ಉಳ್ಳಾಲದ ಸುಕೇಶ್, ಮೂವತ್ತರ ಆಸುಪಾಸು, ಮೀನುಗಾರಿಕೆಯ ಬೋಟಿನಲ್ಲಿ ಕೆಲಸ. ನೆರೆಮನೆಯವರ ಆಪರೇಷನ್ನಿಗೆ ನಾವು ಕೊಟ್ಟಿದ್ದ ರಕ್ತಕ್ಕೆ ಬದಲಿ ಕೊಡಲು ಬಂದವನು. ಕಣ್ಣು ಕೆಂಪಗೆ, ಅಂಗಿಯಲ್ಲಿ ಮೀನಿನ ವಾಸನೆ, ಎಡಗೈಯಲ್ಲಿ ಮೊಣಕೈವರೆಗೆ ಹಚ್ಚೆ. ಬಾಗಿಲಲ್ಲೇ ನಾನು ಅವನನ್ನು ಅಳೆದು ಮುಗಿಸಿದ್ದೆ. ಕುಡಿದಿದ್ದೀರಾ ಎಂದು ಎರಡು ಸಲ ಕೇಳಿದೆ, ನಂಬದೆ ಹತ್ತಿರ ಹೋಗಿ ಬಾಯಿಯ ವಾಸನೆಯನ್ನೂ ನೋಡಿದೆ. ಇಂಜಿನ್ ಬಿಚ್ಚಿ ವೆಲ್ಡಿಂಗ್ ಮಾಡಿದ್ದೇವೆ ಅಕ್ಕ, ಅದಕ್ಕೆ ಕಣ್ಣು ಕೆಂಪು ಎಂದ. ಹಚ್ಚೆ ಐದು ವರ್ಷದ ಹಿಂದಿನದ್ದು ಎಂದಾಗ ಸುಳ್ಳು ಹೇಳಬೇಡಿ ಎಂದು ಗದರಿದೆ. ಖಾಸಗಿ ಪ್ರಶ್ನೆಗಳನ್ನು ಕೇಳುವಾಗ ಪರದೆ ಎಳೆಯಬೇಕು, ನಾನು ಎಳೆಯಲಿಲ್ಲ. ಶಾಲಿನವರು, ಫೋಟೋದವರು ಎಲ್ಲರೂ ಕೇಳಿಸಿಕೊಂಡರು. ಅವನು ತಲೆ ತಗ್ಗಿಸಿ ಒಂದೊಂದಕ್ಕೂ ಉತ್ತರ ಕೊಟ್ಟ. ಮಲೇರಿಯಾ ಬಂದಿತ್ತಾ ಎಂದದ್ದಕ್ಕೆ, ಎರಡು ವರ್ಷದ ಹಿಂದೆ ಬಂದಿತ್ತು, ಪೂರ್ತಿ ಮಾತ್ರೆ ತಿಂದಿದ್ದೇನೆ ಎಂದ. ತಪ್ಪು ಹುಡುಕಲು ಏನೂ ಸಿಗದೆ ಕೊನೆಗೆ ರಕ್ತ ತೆಗೆದುಕೊಂಡೆ. ರಕ್ತ ಕೊಟ್ಟಾದ ಮೇಲೆ ಅವನೂ ಮಾಷ್ಟ್ರೂ ಪಕ್ಕದ ಕೋಣೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಜ್ಯೂಸ್ ಕುಡಿದರು.

ಇಬ್ಬರದ್ದೂ ಓ ಪಾಸಿಟಿವ್. ಪರೀಕ್ಷೆಗಳಲ್ಲಿ ಇಬ್ಬರದ್ದೂ ಸರಿ ಎಂದು ಬಂತು. ಮಕ್ಕಳ ವಾರ್ಡಿಗೆ ಬೇಕಾಗಿದ್ದರಿಂದ ಒಬ್ಬೊಬ್ಬರ ರಕ್ತವನ್ನೂ ಎರಡೆರಡು ಸಣ್ಣ ಬ್ಯಾಗ್ ಮಾಡಿದೆವು. ಕರುಳಿನ ಆಪರೇಷನ್ ಆದ ಎಂಟು ತಿಂಗಳ ಒಂದು ಗಂಡುಮಗುವಿಗೆ ಭಾನುವಾರ ಮತ್ತು ಸೋಮವಾರ ಇಬ್ಬರದ್ದೂ ಒಂದೊಂದು ಬ್ಯಾಗ್ ಹೋಯಿತು. ಉಳಿದ ಎರಡು ಫ್ರಿಜ್ಜಿನಲ್ಲಿದ್ದವು.

ಆ ಎರಡು ಬ್ಯಾಗ್ ನಾವು ಜೋಪಾನ ಮಾಡಿದ್ದು ಆದ್ಯಾಳಿಗಾಗಿ. ಶಕ್ತಿನಗರದ ಹುಡುಗಿ, ಆರು ವರ್ಷ. ತಲಸ್ಸೀಮಿಯಾ, ಅಂದರೆ ಮೈಯಲ್ಲಿ ಸರಿಯಾದ ರಕ್ತ ತಯಾರಾಗದ ಹುಟ್ಟುಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಕೊಡಲೇಬೇಕು. ಹಿಂದಿನ ವರ್ಷ ಅವಳ ಗುಲ್ಮ ತೆಗೆದಿದ್ದರು. ರಕ್ತವನ್ನು ಸೋಸಿ ರೋಗಾಣುಗಳನ್ನು ಹಿಡಿಯುವ ಅಂಗ ಅದು. ಗುಲ್ಮ ಇಲ್ಲದ ಮಗುವಿಗೆ ಮಲೇರಿಯಾ ಹತ್ತಿದರೆ ಎರಡು ಮೂರು ದಿನದಲ್ಲಿ ಜೀವ ಹೋಗಬಹುದು. ವರ್ಷಗಟ್ಟಲೆ ಬೇರೆಯವರ ರಕ್ತ ತೆಗೆದುಕೊಂಡದ್ದರಿಂದ ಅವಳಿಗೆ ಹೊಂದುವ ಬ್ಯಾಗ್ ಸಿಗುವುದೂ ಕಷ್ಟ, ಹತ್ತರಲ್ಲಿ ಒಂದೋ ಎರಡೋ ಹೊಂದುತ್ತಿತ್ತು. ಈ ಎರಡೂ ಹೊಂದಿದವು. ಸುಕೇಶನದ್ದು ಹೆಚ್ಚು ಚೆನ್ನಾಗಿ ಹೊಂದಿದ್ದರಿಂದ ಅದಕ್ಕೇ ಅವಳ ಹೆಸರಿನ ಚೀಟಿ ಕಟ್ಟಿಟ್ಟಿದ್ದೆ. ಅವಳ ಸರದಿ ಮುಂದಿನ ವಾರದ ಶುಕ್ರವಾರ ಇತ್ತು.

ಆ ಶುಕ್ರವಾರದ ಹಿಂದಿನ ಸಂಜೆ ಮಕ್ಕಳ ಡಾಕ್ಟರು ಫೋನ್ ಮಾಡಿದರು. ಆಪರೇಷನ್ ಆದ ಮಗುವಿಗೆ ಚಳಿಜ್ವರ, ಸ್ಲೈಡಿನಲ್ಲಿ ಮಲೇರಿಯಾ. ಹೊಲಿಗೆ ಒಣಗದೆ ಮಗು ಇನ್ನೂ ಆಸ್ಪತ್ರೆಯಲ್ಲೇ ಇತ್ತು, ದಿನವಿಡೀ ಸೊಳ್ಳೆ ಪರದೆಯೊಳಗೆ. ಮಗುವನ್ನು ಹೊರಗೆ ತೆಗೆದದ್ದೇ ಇಲ್ಲ, ನೀವು ಕೊಟ್ಟ ರಕ್ತವನ್ನು ನೋಡಿ ಎಂದರು. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಹೋದ ಬ್ಯಾಗಿನಿಂದ ಯಾರಿಗೂ ರೋಗ ಬಂದಿರಲಿಲ್ಲ.

ಇಂಥ ಸಂದರ್ಭದಲ್ಲಿ ಎಂತ ಮಾಡಬೇಕೆಂದು ಸ್ಪಷ್ಟವಾದ ನಿಯಮ ಉಂಟು. ಆ ರೋಗಿಗೆ ಯಾರ್‍ಯಾರ ರಕ್ತ ಹೋಗಿದೆಯೋ ಅವರೆಲ್ಲರ ಉಳಿದ ಬ್ಯಾಗುಗಳನ್ನು ತಡೆಹಿಡಿಯಬೇಕು, ಎಲ್ಲರನ್ನೂ ಕರೆಸಿ ಪರೀಕ್ಷೆ ಮಾಡಬೇಕು, ಮೂಲ ಗೊತ್ತಾಗುವವರೆಗೆ ಒಂದು ಹನಿಯೂ ಹೊರಗೆ ಹೋಗಬಾರದು. ಈ ನಿಯಮವನ್ನು ಹೊಸಬರಿಗೆ ಪಾಠ ಮಾಡಿದವಳೇ ನಾನು. ಆದರೆ ಫೋನ್ ಇಡುವ ಮೊದಲೇ ನನ್ನ ತಲೆಯೊಳಗೆ ತೀರ್ಪು ಆಗಿ ಹೋಗಿತ್ತು. ಇನ್ಯಾರು, ಆ ಬೋಟಿನವನೇ. ಎರಡು ವರ್ಷದ ಹಿಂದೆ ಎಂದು ಸುಳ್ಳು ಹೇಳಿದ್ದಾನೆ.

ಸುಕೇಶನ ಬ್ಯಾಗನ್ನು ತೆಗೆದು ಕೆಂಪು ಪಟ್ಟಿ ಅಂಟಿಸಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಬೇರೆ ಇಟ್ಟೆ. ಆದ್ಯಾಳ ಚೀಟಿಯಲ್ಲಿದ್ದ ಅವನ ಬ್ಯಾಗ್ ನಂಬರನ್ನು ಹೊಡೆದುಹಾಕಿ, ಪಕ್ಕದಲ್ಲಿ ಮಾಷ್ಟ್ರ ಬ್ಯಾಗಿನ ನಂಬರ್ ಬರೆದು, ಅದನ್ನು ಮಾಷ್ಟ್ರ ಬ್ಯಾಗಿಗೆ ಕಟ್ಟಿದೆ. ಸದ್ಯ ಇದೊಂದಿತ್ತಲ್ಲ, ಮಗು ಬಚಾವಾಯಿತು ಎಂದು ನಿಟ್ಟುಸಿರನ್ನೂ ಬಿಟ್ಟೆ. ನಮ್ಮ ವೈದ್ಯಾಧಿಕಾರಿ ಡಾಕ್ಟರ್ ರೇಖಾ ಅಂದು ರಜೆಯಲ್ಲಿದ್ದರು. ಅವರಿಗೆ ಫೋನ್ ಮಾಡಿ ಸಂಶಯದ ಬ್ಯಾಗ್ ತೆಗೆದಿಟ್ಟಿದ್ದೇನೆ ಎಂದೆ. ಅವರು ನನ್ನನ್ನು ನಂಬಿದರು. ಆಮೇಲೆ ಸುಕೇಶನಿಗೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಬಂದು ಕಾಣಬೇಕು ಎಂದು ಗಟ್ಟಿಸಿ ಹೇಳಿದೆ. ಮಾಷ್ಟ್ರಿಗೆ ಫೋನ್ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಶುಕ್ರವಾರ ಹತ್ತೂವರೆಗೆ ಸುಕೇಶ್ ಬಂದ. ಅವನ ಬೋಟು ಬೆಳಿಗ್ಗೆ ಹತ್ತು ದಿನಕ್ಕೆಂದು ಕಡಲಿಗೆ ಹೊರಟುಹೋಗಿತ್ತು. ನನ್ನ ಫೋನಿಗೋಸ್ಕರ ಇವನು ದಡದಲ್ಲಿ ಉಳಿದಿದ್ದ. ಅದನ್ನು ಅವನು ಹೇಳಲಿಲ್ಲ, ಆಮೇಲೆ ಗೊತ್ತಾಯಿತು. ನಾನು ಅವನನ್ನು ಒಳಗೆ ಕರೆಯದೆ ಕೌಂಟರಿನ ಹತ್ತಿರವೇ ನಿಲ್ಲಿಸಿ, ಮೂರು ಮಂದಿ ಸಹೋದ್ಯೋಗಿಗಳ ಎದುರಿಗೆ ಹೇಳಿದೆ:

"ನಿಮ್ಮ ರಕ್ತದಿಂದ ಒಂದು ಸಣ್ಣ ಮಗುವಿಗೆ ಮಲೇರಿಯಾ ಬಂದಿದೆ. ಅವತ್ತು ಎಂತ ಮುಚ್ಚಿಟ್ಟಿದ್ದೀರಿ, ಈಗಲಾದರೂ ಹೇಳಿ."

ಕೋಪ ಬರುತ್ತದೆ, ಕೂಗಾಡುತ್ತಾನೆ ಎಂದು ನಾನು ಕಾದಿದ್ದೆ.

"ಮಗು ಹೇಗುಂಟು ಅಕ್ಕ?" ಎಂದು ಕೇಳಿದ.

ಔಷಧಿ ಶುರು ಮಾಡಿದ್ದಾರೆ, ಅಪಾಯ ಇಲ್ಲ ಎಂದೆ. ತಾನು ಮುಚ್ಚಿಟ್ಟದ್ದು ಏನೂ ಇಲ್ಲ, ಬೇಕಾದರೆ ಇನ್ನೊಮ್ಮೆ ರಕ್ತ ತೆಗೆದು ನೋಡಿ ಎಂದು ಕೂತು ಕೈ ಚಾಚಿದ. ನಾನು ಸೂಜಿ ಚುಚ್ಚಿ ಟ್ಯೂಬಿಗೆ ರಕ್ತ ಎಳೆಯುತ್ತಿದ್ದೆ. ಅವನು ಮೆಲ್ಲಗೆ ಮಾತೆತ್ತಿದ.

"ಅವತ್ತು ನನ್ನ ಹತ್ತಿರ ಕೂತಿದ್ದ ಮಾಷ್ಟ್ರು ಹುಷಾರಿದ್ದಾರಾ ಅಕ್ಕ? ಅವರಿಗೆ ಹೋದ ತಿಂಗಳು ಮಲೇರಿಯಾ ಬಂದಿತ್ತಂತಲ್ಲ. ಜ್ಯೂಸ್ ಕುಡಿಯುವಾಗ ಹೇಳಿದ್ರು. ಹದಿನಾಲ್ಕು ದಿನದ ಮಾತ್ರೆ ಹೊಟ್ಟೆ ಉರಿ ಅಂತ ಅರ್ಧಕ್ಕೇ ಬಿಟ್ರಂತೆ."

ನಿಮಗೆ ಅವತ್ತೇ ಹೇಳಲಿಕ್ಕೆ ಎಂತ ಆಗಿತ್ತು ಎಂದು ಕೇಳಿದ ನನ್ನ ಸ್ವರ ನನಗೇ ಬೇರೆ ಯಾರದ್ದೋ ಎಂಬಂತೆ ಕೇಳಿಸಿತು.

"ನನ್ನನ್ನು ಅಷ್ಟು ಕೇಳಿದ್ರಿ. ಅವರನ್ನೂ ಕೇಳಿರ್ತೀರಿ ಅಂತ ಅಂದುಕೊಂಡೆ."

ಗೋಡೆಯ ಗಡಿಯಾರದಲ್ಲಿ ಹತ್ತೂಮುಕ್ಕಾಲು. ಮಾಷ್ಟ್ರ ಬ್ಯಾಗ್ ಇಪ್ಪತ್ತು ನಿಮಿಷದ ಹಿಂದೆ ಆದ್ಯಾಳ ವಾರ್ಡಿಗೆ ಹೋಗಿತ್ತು. ನಾನೇ ರಿಜಿಸ್ಟರಿನಲ್ಲಿ ಸಹಿ ಹಾಕಿ ಕಳಿಸಿದ್ದೆ. ಅವನ ಕೈಗೆ ಹತ್ತಿ ಒತ್ತಿ ವಾರ್ಡಿಗೆ ಫೋನ್ ಮಾಡಿದೆ, ಲೈನ್ ಎಂಗೇಜ್. ಇನ್ನೊಮ್ಮೆ ಮಾಡಿದೆ, ಎಂಗೇಜ್. ಲಿಫ್ಟು ಎಲ್ಲೋ ಮೇಲಿತ್ತು. ಐವತ್ತೈದು ವರ್ಷದ ಮಂಡಿನೋವಿನ ಹೆಂಗಸು ನಾನು ಮೂರು ಮಹಡಿಯ ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ದೇವರೇ, ಸೂಜಿ ಚುಚ್ಚಿರಬಾರದು, ಚುಚ್ಚಿರಬಾರದು ಎಂದು ಬಾಯಲ್ಲಿ ಬರುತ್ತಿತ್ತು. ಆದ್ಯಾಳ ಚೀಟಿಯನ್ನು ಸುಕೇಶನ ಬ್ಯಾಗಿನಲ್ಲೇ ಇರಗೊಟ್ಟಿದ್ದರೆ ಮಗುವಿಗೆ ಏನೂ ಆಗುತ್ತಿರಲಿಲ್ಲ. ಒಳ್ಳೆಯದನ್ನು ತೆಗೆದಿಟ್ಟು ವಿಷವನ್ನು ಹುಡುಕಿ ಹುಡುಕಿ ಕಳಿಸಿದವಳು ನಾನು.

ವಾರ್ಡಿನ ಬಾಗಿಲು ತಳ್ಳಿದರೆ ಆದ್ಯಾ ಹಾಸಿಗೆಯಲ್ಲಿ ಕೂತು ಕಾಲು ಆಡಿಸುತ್ತಿದ್ದಳು. ಬ್ಯಾಗ್ ಸ್ಟ್ಯಾಂಡಿನಲ್ಲಿ ಇರಲಿಲ್ಲ. ಮೇಜಿನ ಮೇಲೆ ತಟ್ಟೆಯಲ್ಲಿತ್ತು, ಹಾಗೆಯೇ, ಸೀಲ್ ಒಡೆಯದೆ. ಸಿಸ್ಟರ್ ಲಿಲ್ಲಿ ಫೋನ್ ಹಿಡಿದು ನಿಂತಿದ್ದರು.

ಈ ಸಿಸ್ಟರ್ ಲಿಲ್ಲಿಯ ಬಗ್ಗೆ ಹೇಳಬೇಕು. ರಕ್ತ ಕೊಡುವ ಮೊದಲು ರೋಗಿಯ ಹೆಸರು ಕೇಳಬೇಕು, ಕೈಯ ಪಟ್ಟಿ ನೋಡಬೇಕು, ಬ್ಯಾಗಿನ ನಂಬರನ್ನು ಚೀಟಿಯೊಂದಿಗೆ ಇಬ್ಬರು ಓದಿ ತಾಳೆ ನೋಡಬೇಕು. ಆದ್ಯಾಳನ್ನು ಹಾಲುಗೂಸಿನಿಂದ ಎತ್ತಿ ಆಡಿಸಿದವರು ಅವರು, ಆದರೂ ಪ್ರತಿ ಸಲ ನಿನ್ನ ಹೆಸರು ಎಂತ ಮಗಾ ಎಂದು ಕೇಳುತ್ತಿದ್ದರು. ಆ ಹುಡುಗಿ ಬೇಕೆಂದೇ ಸಲಕ್ಕೊಂದು ಹೆಸರು ಹೇಳಿ ಸತಾಯಿಸುತ್ತಿದ್ದಳು. ನಿಜವಾದ ಹೆಸರು ಹೇಳುವವರೆಗೆ ಸಿಸ್ಟರ್ ಬ್ಯಾಗ್ ಮುಟ್ಟುತ್ತಿರಲಿಲ್ಲ. ಅವರಿಂದಾಗಿ ಎಷ್ಟು ತಡ ಎಂದು ನಾನೇ ಹತ್ತಾರು ಸಲ ಗೊಣಗಿದ್ದೆ. ಗುರುತಿರುವವರನ್ನು ಕೇಳುವುದೆಂತ ಸಿಸ್ಟರ್, ನಾಟಕವಾ ಎಂದು ಮುಖಕ್ಕೇ ಹೇಳಿದ್ದೂ ಉಂಟು. ಅವರು ನಕ್ಕು ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದರು.

ಸಿಸ್ಟರ್ ಚೀಟಿಯನ್ನು ನನ್ನ ಮುಂದೆ ಹಿಡಿದರು. ನಾನು ಹೊಡೆದುಹಾಕಿ ಬರೆದ ನಂಬರಿನ ಪಕ್ಕದಲ್ಲಿ ಸಹಿ ಇರಲಿಲ್ಲ. ತಿದ್ದಿದಲ್ಲಿ ಸಹಿ ಹಾಕಬೇಕೆಂಬುದು ನಿಯಮ, ಅವಸರದಲ್ಲಿ ಮರೆತಿದ್ದೆ.

"ನಿಮ್ಮದೇ ಅಕ್ಷರ ಅಂತ ಗೊತ್ತುಂಟು ಸುಜಾತಕ್ಕ," ಎಂದರು. "ಆದ್ರೂ ಕೇಳ್ಬೇಕಲ್ವಾ? ಅದಕ್ಕೆ ನಿಮಗೇ ಫೋನ್ ಮಾಡ್ತಾ ಇದ್ದೆ."

ನಾನು ಅವರಿಗೆ, ಅವರು ನನಗೆ ಫೋನ್ ಮಾಡುತ್ತಿದ್ದುದರಿಂದಲೇ ಲೈನ್ ಎಂಗೇಜ್ ಆಗಿತ್ತು. ನಾನು ಬ್ಯಾಗನ್ನು ಎತ್ತಿ ಎದೆಗೆ ಅವುಚಿಕೊಂಡು ಆದ್ಯಾಳ ಹಾಸಿಗೆಯ ತುದಿಯಲ್ಲಿ ಕುಸಿದೆ. ಅಳು ತಡೆಯಲು ಆಗಲಿಲ್ಲ. ಆಂಟಿ ಯಾಕೆ ಅಳ್ತಾರೆ ಎಂದು ಹುಡುಗಿ ಸಿಸ್ಟರನ್ನು ಕೇಳುತ್ತಿದ್ದಳು.

ಕೆಳಗೆ ಬಂದಾಗ ಸುಕೇಶ್ ಹೋಗಿದ್ದ. ನಾನು ಫೈಲಿನಿಂದ ಮಾಷ್ಟ್ರ ಫಾರ್ಮ್ ತೆಗೆದೆ. ಮೂವತ್ತು ಗುರುತು, ಮೂವತ್ತೂ ನನ್ನ ಕೈಯದ್ದು. ಅವರದ್ದೆಂದು ಇದ್ದದ್ದು ಒಂದು ಸಹಿ ಮಾತ್ರ. ಸುಕೇಶನ ಫಾರ್ಮಿನಲ್ಲಿ ಪ್ರತಿ ಗುರುತೂ ಅವನದ್ದೇ, ಕೆಲವುಗಳ ಕೆಳಗೆ ನಾನು ಕೆಂಪು ಶಾಯಿಯಲ್ಲಿ 'ಮತ್ತೆ ಕೇಳಲಾಗಿದೆ' ಎಂದು ಬರೆದಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಆದ ನಾಚಿಕೆಯನ್ನು ಹೇಗೆ ಬರೆಯಲಿ. ಒಬ್ಬನನ್ನು ಕೆಟ್ಟವನೆಂದು ತೀರ್ಮಾನಿಸಿದ್ದು ತಪ್ಪೆಂದು ಎಲ್ಲರಿಗೂ ಸುಲಭವಾಗಿ ಕಾಣುತ್ತದೆ. ಮಗುವಿಗೆ ಜ್ವರ ತಂದದ್ದು ಅದಲ್ಲ. ಇನ್ನೊಬ್ಬರನ್ನು ಒಳ್ಳೆಯವರೆಂದು ತೀರ್ಮಾನಿಸಿ ಕೇಳುವುದನ್ನೇ ಬಿಟ್ಟದ್ದು.

ಫೋನ್ ಮಾಡಿ ಕರೆಸಿದೆ, ಮಧ್ಯಾಹ್ನ ಮಾಷ್ಟ್ರು ಬಂದರು. ರಕ್ತ ತೆಗೆದು ಸ್ಲೈಡ್ ಮಾಡಿ ನಾನೇ ಮೈಕ್ರೋಸ್ಕೋಪಿನ ಮುಂದೆ ಕೂತೆ. ಒಂದೊಂದೇ ಜಾಗ ಸರಿಸುತ್ತ, ಸುಕೇಶನ ಸ್ಲೈಡಿನಲ್ಲಿ ಇನ್ನೂರು ಜಾಗ ನೋಡಿದೆ, ಏನೂ ಇರಲಿಲ್ಲ. ಮಾಷ್ಟ್ರದ್ದರಲ್ಲಿ ನೂರ ಎಪ್ಪತ್ತು ದಾಟಿದ ಮೇಲೆ ಒಂದು ರಕ್ತಕಣದೊಳಗೆ ಮಲೇರಿಯಾ ರೋಗಾಣುವಿನ ಆ ಸಣ್ಣ ಉಂಗುರ ಕಾಣಿಸಿತು. ಒಂದೇ ಒಂದು. ಹೊರಗೆ ಬಂದು ಮಾಷ್ಟ್ರಿಗೆ ಎಲ್ಲವನ್ನೂ ಹೇಳಿದೆ, ಫಾರ್ಮನ್ನೂ ತೋರಿಸಿದೆ. ಅವರು ಅದನ್ನು ಉದ್ದಕ್ಕೂ ಓದಿದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಲವತ್ತು ವರ್ಷ ಕಳೆದಿದ್ದರೂ ನನಗೆ ಅದೇ ಬೆವರು ಬಂತು.

"ಕೇಳ್ಲಿಕ್ಕೆ ಎಂತ ನಾಚಿಕೆ ಮಾರಾಯ್ತಿ?" ಎಂದರು. "ಕೇಳಿದ್ರೆ ಹೇಳ್ತಿದ್ದೆ."

ಅವರ ಕಣ್ಣು ತುಂಬಿತ್ತು. ಐವತ್ತರಲ್ಲಿ ಒಂದು ಕಡಿಮೆ ಬರೆದುಕೊಳ್ಳಿ ಎಂದು ಹೇಳಿ, ಉಳಿದ ಮಾತ್ರೆಯ ಚೀಟಿ ಹಿಡಿದುಕೊಂಡು ಹೋದರು.

ಡಾಕ್ಟರ್ ರೇಖಾ ರಜೆ ಮೊಟಕು ಮಾಡಿ ಬಂದು ಎಲ್ಲ ವರದಿ ನೋಡಿದರು. ಮೂಲ ಗೊತ್ತಾಗಿತ್ತು, ಸುಕೇಶನ ರಕ್ತ ಎರಡನೇ ಸಲವೂ ಶುದ್ಧ ಎಂದು ಬಂದಿತ್ತು. ಕೆಂಪು ಪಟ್ಟಿಯ ಬ್ಯಾಗ್ ತಣ್ಣಗೆ ಸುರಕ್ಷಿತವಾಗಿಯೇ ಇತ್ತು. ಅವರು ಪಟ್ಟಿ ತೆಗೆದು ಸಹಿ ಹಾಕಿದರು. ಶನಿವಾರ ಬೆಳಿಗ್ಗೆ ಆದ್ಯಾಳಿಗೆ ಹೋದದ್ದು ಅದೇ ರಕ್ತ. ಎಂಟು ತಿಂಗಳ ಮಗುವೂ ಗುಣವಾಗಿ ಮನೆಗೆ ಹೋಯಿತು. ಅದರ ತಾಯಿಗೆ ನಡೆದದ್ದನ್ನು ಡಾಕ್ಟರ ಎದುರಿಗೆ ನಾನೇ ಹೇಳಿದೆ, ಅವರು ಬೈದದ್ದನ್ನು ನಿಂತು ಕೇಳಿದೆ. ಘಟನೆಯ ವರದಿಯಲ್ಲಿ 'ತಪ್ಪು ಯಾರದ್ದು' ಎಂಬಲ್ಲಿ ನನ್ನ ಹೆಸರು ಬರೆದೆ. ಮೇಲಿನವರಿಂದ ಎಚ್ಚರಿಕೆಯ ಪತ್ರ ಬಂತು. ಸುಕೇಶನಿಗೆ ಎಷ್ಟೋ ಸಲ ಫೋನ್ ಮಾಡಿದೆ, ಅವನು ಎತ್ತಲಿಲ್ಲ. ಎತ್ತದಿದ್ದದ್ದು ಸರಿಯೇ ಎನಿಸಿತು.

ಆಮೇಲಿನ ಮೂರು ವರ್ಷ, ನಿವೃತ್ತಿಯ ದಿನದವರೆಗೆ, ನಾನು ಪ್ರತಿಯೊಬ್ಬರನ್ನೂ ಮೂವತ್ತು ಪ್ರಶ್ನೆ ಕೇಳಿದೆ. ಪರದೆ ಎಳೆದು, ಒಂದೇ ಸ್ವರದಲ್ಲಿ. ನಮ್ಮ ಆಸ್ಪತ್ರೆಯ ಡಾಕ್ಟರುಗಳನ್ನು, ನನ್ನ ಸ್ವಂತ ತಮ್ಮನನ್ನು, ಒಮ್ಮೆ ಒಬ್ಬ ಪಾದ್ರಿಯನ್ನೂ. ಯಾರು ಎಂಥವರು ಎಂದು ನಿರ್ಧರಿಸುವ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಯಾವ ರಕ್ತ ಯಾರಿಗೆ ಆಗುತ್ತದೆ ಎಂದು ನೋಡುವುದಷ್ಟೇ ನನ್ನ ಕೆಲಸವಾಗಿತ್ತು. ಮೊದಲನೆಯದನ್ನು ಮಾಡುತ್ತ ಎರಡನೆಯದನ್ನು ಬಿಟ್ಟಿದ್ದೆ.

ಆ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ತಲೆಯೆತ್ತಿದರೆ ಎದುರಿಗೆ ಸುಕೇಶ್ ನಿಂತಿದ್ದ. ಮೂರು ತಿಂಗಳು ಆಯ್ತಲ್ಲ, ಕೊಡಬಹುದಲ್ಲ ಎಂದ. ನಾನು ಎದ್ದು ನಿಂತೆ. ಸಹೋದ್ಯೋಗಿಗಳು ಅಂದಿನಂತೆಯೇ ಅಲ್ಲಿದ್ದರು. ಅವರಿಗೆಲ್ಲ ಕೇಳುವ ಹಾಗೆ, ಅವತ್ತು ತಪ್ಪು ನನ್ನದು, ನಿಮ್ಮದು ಏನೂ ಇರಲಿಲ್ಲ, ಕ್ಷಮಿಸಬೇಕು ಎಂದೆ. ಅವನು ಮುಜುಗರದಿಂದ ಹಚ್ಚೆಯ ಕೈಯನ್ನು 'ಇರಲಿ' ಎಂಬಂತೆ ಆಡಿಸಿದ. ಪರದೆ ಎಳೆದು ಎದುರು ಕೂತ ಮೇಲೆ ಕೇಳಿದ:

"ನನ್ನ ರಕ್ತ ಅವತ್ತು ಬಿಸಾಡಿದ್ರಿ, ಅಲ್ವಾ ಅಕ್ಕ?"

"ಇಲ್ಲ. ಬಿಸಾಡ್ಲಿಲ್ಲ."

"ಮತ್ತೆ?"

ಯಾರ ರಕ್ತ ಯಾರಿಗೆ ಹೋಯಿತೆಂದು ನಾವು ಯಾರಿಗೂ ಹೇಳುವಂತಿಲ್ಲ. ಶಕ್ತಿನಗರದಲ್ಲಿ ಒಂದು ಹುಡುಗಿ ಇದ್ದಾಳೆ, ಸಲಕ್ಕೊಂದು ಹೆಸರು ಹೇಳುತ್ತಾಳೆ ಎಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು.

"ಒಂದು ಜೀವ ಉಳಿಯಿತು," ಎಂದೆ. "ಅಷ್ಟೇ ಹೇಳ್ಲಿಕ್ಕೆ ಆಗುವುದು."

ನಾನು ಫಾರ್ಮನ್ನು ಅವನ ಕಡೆ ತಿರುಗಿಸಿ, ಪೆನ್ನನ್ನು ಅವನ ಕೈಗೆ ಕೊಟ್ಟು, ಒಂದನೇ ಪ್ರಶ್ನೆಯಿಂದ ಕೇಳಲು ಶುರು ಮಾಡಿದೆ.